ಪೌಡರ್ ಹಾಕಬಾರದು

"ಪೌಡರ್ ಹಾಕಬಾರದು, ಆಯ್ತಾ?" ಎಂದಳು ಶರ್ಮಿಳಾ. "ಸೆಂಟ್ ಬೇಡ, ಕ್ರೀಮ್ ಬೇಡ. ಕಂಕುಳಲ್ಲಿ, ಎದೆಯಲ್ಲಿ ಎಂತದೂ ಇರಬಾರದು. ಪೌಡರ್ ಇದ್ದರೆ ಫೋಟೋದಲ್ಲಿ ಬಿಳಿ ಬಿಳಿ ಚುಕ್ಕೆ ಬೀಳ್ತದೆ. ಅದು ಸೀಕಾ, ಪೌಡರಾ ಅಂತ ಡಾಕ್ಟರಿಗೆ ಗೊತ್ತಾಗುವುದಿಲ್ಲ."

ಶರ್ಮಿಳಾ ಕಾಪು ಪಡುವಿನ ಆಶಾ ಕಾರ್ಯಕರ್ತೆ. ಒಳ್ಳೆಯ ಹುಡುಗಿ. ಸ್ತನದ ಕ್ಯಾನ್ಸರ್ ಇದೆಯೋ ಇಲ್ಲವೋ ಎಂದು ಮೊದಲೇ ನೋಡುವ ಪರೀಕ್ಷೆ, ಉಡುಪಿಯ ಒಂದು ಸ್ಕ್ಯಾನಿಂಗ್ ಸೆಂಟರಿನಲ್ಲಿ, ಯಾವುದೋ ಕ್ಲಬ್ಬಿನವರ ಲೆಕ್ಕದಲ್ಲಿ ಧರ್ಮಕ್ಕೆ. ಹೆಸರು ಕೊಟ್ಟು ಬುಧವಾರ ಮಧ್ಯಾಹ್ನದ ಹೊತ್ತು ಗೊತ್ತುಮಾಡಿಸಿಕೊಂಡು ಬಂದವಳು ಅವಳೇ. ಸೀರೆ ಬೇಡ, ಚೂಡಿದಾರ್ ಹಾಕಿ, ಮೇಲಿನದ್ದು ಮಾತ್ರ ತೆಗೆದರೆ ಸಾಕಾಗ್ತದೆ ಎಂದಳು. ಕರಿಮಣಿ ತೆಗೆದಿಡಬೇಕಾಗ್ತದೆ ಎಂದಳು. ಮಿಷನ್ ಸ್ವಲ್ಪ ಒತ್ತುತ್ತದೆ, ಹೆದರಬೇಡಿ ಎಂದಳು. ಕುಶಲಾ ಹೊಸ್ತಿಲಲ್ಲಿ ಕೂತು ಎಲ್ಲದಕ್ಕೂ ತಲೆಯಾಡಿಸಿದಳು. ಆದರೆ ಅವಳ ಕಿವಿ ಮೊದಲನೆಯ ಮಾತಿನಲ್ಲೇ ನಿಂತಿತ್ತು.

ಬೇರೆ ಹೆಂಗಸರಿಗೆ ಅದು ಒಂದು ಮಾತೇ ಅಲ್ಲ. ಒಂದು ದಿನ ಪೌಡರ್ ಹಾಕದಿದ್ದರೆ ಯಾರ ಗಂಟು ಹೋಗುತ್ತದೆ? ಕುಶಲಾಗೆ ಮಾತ್ರ ಅದು, ಬಟ್ಟೆ ಬಿಚ್ಚಿ ಹೆದ್ದಾರಿಯಲ್ಲಿ ನಡೆ ಎಂದ ಹಾಗೆ ಕೇಳಿಸಿತು.

ಅವಳು ಕಟಪಾಡಿ ಜಂಕ್ಷನ್ ಹತ್ತಿರದ ಮಾರ್ಕೆಟಿನಲ್ಲಿ ಮೀನು ಕತ್ತರಿಸುವವಳು. ಮಾರುವವಳಲ್ಲ, ಕತ್ತರಿಸುವವಳು. ಮೀನು ಉಮಾನಾಥನದು, ಕತ್ತಿ ಅವನದು, ಹಲಗೆ ಅವನದು. ರಟ್ಟೆ ಮಾತ್ರ ಇವಳದು. ಬೆಳಿಗ್ಗೆ ನಿಂತರೆ ಮಧ್ಯಾಹ್ನ ದಾಟುವವರೆಗೆ ನಿಂತೇ ಇರಬೇಕು. ಬಂಗುಡೆಯ ಕಿವಿರು ಕೀಳಬೇಕು. ಅಂಜಲಿನ ಬೆನ್ನು ಸೀಳಬೇಕು. ತೊರಕೆಯ ಚರ್ಮ ಸುಲಿಯಬೇಕು. ಕರುಳನ್ನು ಬೆರಳು ಹಾಕಿಯೇ ಎಳೆಯಬೇಕು. ಐಸಿನ ನೀರಿನಲ್ಲಿ ಕೈ ಮರಗಟ್ಟಿ, ಕತ್ತಿ ತಾಗಿದ್ದೂ ರಕ್ತ ನೋಡಿದ ಮೇಲೆಯೇ ತಿಳಿಯುತ್ತದೆ. ಅದು ತನ್ನ ರಕ್ತವೋ ಮೀನಿನದೋ ಎಂದು ವಿಚಾರಿಸಲು ಪುರುಸೊತ್ತಿಲ್ಲ. ಎದುರಿಗೆ ಕಾರಿನವರು ಮೂಗಿಗೆ ಕರ್ಚೀಫು ಹಿಡಿದು ನಿಂತಿರುತ್ತಾರೆ. ತುಂಡು ಸಣ್ಣ ಮಾಡಿ, ತಲೆ ಬೇರೆ ಕಟ್ಟಿ, ಬೇಗ ಬೇಗ ಎನ್ನುತ್ತಾರೆ. ಮೀನು ಮನೆಯೊಳಗೆ ಹೋಗಿ ಬಾಳೆಲೆ ಮೇಲೆ ಕೂರುತ್ತದೆ. ಕತ್ತರಿಸಿ ಕೊಟ್ಟವಳ ಕೈಗೆ ದುಡ್ಡು ಕೊಡುವಾಗಲೂ ಬೆರಳು ತಾಗದ ಹಾಗೆ ಮೇಲಿನಿಂದ ಬೀಳಿಸುತ್ತಾರೆ.

ಕೆಲಸ ಮುಗಿದ ಮೇಲೆ ಬಸ್ಸು. ಸ್ಟಾಪಿನ ಹಿಂದೆ ಬಾಗಿಲು ಮುಚ್ಚಿಹೋದ ಒಂದು ಟೈಲರ್ ಅಂಗಡಿ ಇದೆ. ಮಾರ್ಕೆಟಿನ ಹೆಂಗಸರೆಲ್ಲ ಅದರ ಗೋಡೆಗೆ ಮುಖ ಮಾಡಿ ನಿಲ್ಲುತ್ತಾರೆ. ಎಲ್ಲರಿಗೂ ಸೇರಿ ಒಂದು ಪೌಡರ್ ಡಬ್ಬಿ. ಒಬ್ಬಳ ಕುತ್ತಿಗೆಗೆ ಇನ್ನೊಬ್ಬಳು ಹಾಕುತ್ತಾಳೆ. ರವಕೆಯೊಳಗೆ ಕೈ ಹಾಕಿ ಬೆನ್ನಿಗೆ, ಕಂಕುಳಿಗೆ, ಎದೆಗೆ ಬಳಿಯುತ್ತಾಳೆ. ಬಸ್ಸಿನ ಟಿಕೆಟ್ ಮಾಡಿದಿಯಾ ಎಂದು ಕೇಳಿದರೆ ಅವರಲ್ಲಿ ಪೌಡರ್ ಹಾಕಿದಿಯಾ ಎಂದು ಅರ್ಥ. ಹಾಕದೆ ಹತ್ತಿದವಳನ್ನು ಕಂಡಕ್ಟರ್ ಸೀಟು ಖಾಲಿ ಇದ್ದರೂ ಹಿಂದಿನ ಬಾಗಿಲಲ್ಲಿ ನಿಲ್ಲಿಸುತ್ತಾನೆ. ಒಮ್ಮೆ ಜಲಜಾಕ್ಷಿಯನ್ನು ಪಾಂಗಾಳ ಸೇತುವೆಯ ಹತ್ತಿರ ಇಳಿಸಿಯೇ ಬಿಟ್ಟಿದ್ದ. ಬೇರೆ ಪ್ಯಾಸೆಂಜರಿಗೆ ವಾಂತಿ ಬರ್ತದಂತೆ. ಜಲಜಾಕ್ಷಿ ಬಿಸಿಲಲ್ಲಿ ಕಾಪುವರೆಗೆ ನಡೆದಳು. ಮರುದಿನ ಬಂದು ನಕ್ಕಳು. ನಕ್ಕದ್ದು ಕಣ್ಣಿನವರೆಗೆ ಹೋಗಲಿಲ್ಲ.

ಇಷ್ಟಾದರೂ ಕುಶಲಾ ಹೋಗಲೇಬೇಕಿತ್ತು. ಅಕ್ಕನ ಕಾರಣಕ್ಕೆ.

ಅಕ್ಕ ರತ್ನಾವತಿ ಬುಟ್ಟಿ ಹೊತ್ತು ಮೀನು ಮಾರುತ್ತಿದ್ದವಳು. ಕಾರ್ಕಳದ ಕಡೆಯ ಮನೆಗಳಿಗೆ ಹೋಗುತ್ತಿದ್ದಳು. ಎದೆಯಲ್ಲಿ ಹುಣಸೆ ಬೀಜದಷ್ಟು ಗಂಟು ಕೈಗೆ ಸಿಕ್ಕಿದಾಗ ಯಾರಿಗೂ ಹೇಳಲಿಲ್ಲ. ಕಾರ್ಕಳದ ಒಂದು ಕಲ್ಯಾಣ ಮಂಟಪದಲ್ಲಿ ಹೆಂಗಸರಿಗೆ ಕ್ಯಾಂಪ್ ಇದೆ ಎಂದು ರಿಕ್ಷಾದಲ್ಲಿ ಮೈಕ್ ಹಾಕಿ ಕೂಗಿಕೊಂಡು ಹೋದರು. ಅಕ್ಕ ಮೀನು ಖಾಲಿ ಮಾಡಿ, ಬುಟ್ಟಿಯನ್ನು ಗೇಟಿನ ಹೊರಗೆ ಕವುಚಿಟ್ಟು, ಸೆರಗು ಹೊದ್ದು ಸರತಿಯಲ್ಲಿ ನಿಂತಳು. ಮುಂದಿನವಳು ತಿರುಗಿ ನೋಡಿದಳು. ಹಿಂದಿನವಳು ಒಂದು ಹೆಜ್ಜೆ ಬಿಟ್ಟು ನಿಂತಳು. ಎದೆಗೆ ಬ್ಯಾಡ್ಜ್ ಸಿಕ್ಕಿಸಿಕೊಂಡ ಒಬ್ಬಳು ಬಂದು, ನಗುನಗುತ್ತಲೇ, "ಅಮ್ಮ, ನೀವು ಸ್ನಾನ ಮಾಡಿ ಬನ್ನಿ" ಎಂದಳು.

ಹೋಗು ಎನ್ನಲಿಲ್ಲ. ಅದೇ ಅವರ ಜಾಣತನ. ಕಾರ್ಕಳದಲ್ಲಿ ಮೀನಿನವಳಿಗೆ ಸ್ನಾನಕ್ಕೆ ಯಾರ ಬಚ್ಚಲು ತೆರೆದಿದೆ? ಕಾಪುವಿಗೆ ಬಂದು ಮೈ ತೊಳೆದು ಮತ್ತೆ ಬಸ್ಸು ಹಿಡಿದು ಹೋಗುವಷ್ಟರಲ್ಲಿ ಶಾಮಿಯಾನ ಬಿಚ್ಚಿ ಆಗಿರುತ್ತದೆ. ಹೇಳಿದವಳಿಗೂ ಅದು ಗೊತ್ತು. ಅಕ್ಕ ಬುಟ್ಟಿ ಎತ್ತಿಕೊಂಡು ಬಂದಳು. ಮತ್ತೆ ಯಾವ ಆಸ್ಪತ್ರೆಯ ಮೆಟ್ಟಿಲೂ ಹತ್ತಲಿಲ್ಲ. ಹತ್ತಿಸಿದಾಗ ಅವಳನ್ನು ಹೊತ್ತುಕೊಂಡೇ ಹತ್ತಿಸಬೇಕಾಯಿತು.

ಅಷ್ಟರಲ್ಲಿ ಗಂಟು ಒಡೆದು ಹುಣ್ಣಾಗಿತ್ತು. ಅರಸಿನ, ಬೇವು, ಹಳೆ ಸೀರೆಯ ತುಂಡು. ಎಷ್ಟು ಊದುಬತ್ತಿ ಹಚ್ಚಿದರೂ ಮನೆಯಿಂದ ಆ ವಾಸನೆ ಹೋಗುತ್ತಿರಲಿಲ್ಲ. ಅಕ್ಕ ಊಟ ಕೇಳಲಿಲ್ಲ, ಔಷಧಿ ಕೇಳಲಿಲ್ಲ. ಯಾರಾದರೂ ನೋಡಲು ಬಂದು ಹೋದ ಮೇಲೆ ಒಂದೇ ಮಾತು ಕೇಳುತ್ತಿದ್ದಳು. "ನಾತ ಬರ್ತದಾ ಕುಶಲಾ?"

ಇಲ್ಲ ಅಕ್ಕ, ಎನ್ನುತ್ತಿದ್ದಳು ಕುಶಲಾ.

ಸತ್ತವರು ಸತ್ತ ಮೇಲೆ ಕುಲೆಯಾಗಿ ಮನೆಯ ಸುತ್ತ ಇರುತ್ತಾರೆ ಎಂದು ನಂಬಿದ ಜನ ಇವರು. ಆಟಿ ತಿಂಗಳಲ್ಲಿ ಕುಲೆಗಳಿಗೆ ಎಲೆ ಹಾಕಿ ಬಡಿಸುತ್ತಾರೆ. ಅಕ್ಕನಿಗೂ ಬಡಿಸಿದರು. ಬಂಗುಡೆ ಪುಳಿಮುಂಚಿ ಅವಳಿಗೆ ಜೀವ, ಅದನ್ನೇ ಮಾಡಿ ಬಡಿಸಿದರು. ಆದರೂ ಅಕ್ಕ ಹೋಗಲಿಲ್ಲ. ಕುಶಲಾ ಬಚ್ಚಲಿಗೆ ಹೋದರೆ ಮೂಲೆಯಲ್ಲಿ ಇರುತ್ತಾಳೆ. ಮಾರ್ಕೆಟಿನಿಂದ ಬರುವಾಗ ಗೇಟಿನ ಬಳಿ ಇರುತ್ತಾಳೆ. ಕುಲೆ ಎಂದರೆ ಹೆದರಿಸಬೇಕು, ಕಲ್ಲು ಬಿಸಾಡಬೇಕು, ಹೆಸರು ಹಿಡಿದು ಕರೆಯಬೇಕು. ಅಕ್ಕ ಎಂತದೂ ಮಾಡುವುದಿಲ್ಲ. ಸೆರಗು ಹೊದ್ದು ನಿಂತಿರುತ್ತಾಳೆ, ಅಷ್ಟೇ. ಸರತಿಯಲ್ಲಿ ನಿಂತ ಹಾಗೆ. ತನ್ನ ಮುಂದೆ ಇನ್ನೂ ಯಾರೋ ಇದ್ದಾರೆ ಎಂಬ ಹಾಗೆ.

ಅಕ್ಕ ಸತ್ತ ಮೇಲೆ ಕುಶಲಾ ತನ್ನ ಎಡ ಎದೆಯನ್ನು ಮುಟ್ಟಿಲ್ಲ. ಸೋಪು ಹಚ್ಚುವಾಗ ಕೈ ಅಲ್ಲಿಗೆ ಬಂದು ಸುತ್ತು ಹಾಕಿ ಹೋಗುತ್ತದೆ. ಮುಟ್ಟಿದರೆ ಎಂತ ಸಿಗುತ್ತದೋ. ಸಿಗದಿದ್ದರೆ ಒಳ್ಳೆಯದೇ, ಆದರೆ ಸಿಕ್ಕಿದರೆ? ಹೆದರಿಕೆ ಅಂದರೆ ಹೆದರಿಕೆ. ಅವಳಿಗೆ ತನ್ನ ಮೈಯೇ ಪರರ ಮನೆಯ ಹಾಗೆ ಆಗಿಹೋಗಿತ್ತು. ಗಂಡ ಭುಜಂಗನಿಗೆ ಹೇಳೋಣವೆಂದರೆ ಅವನು ಆಳಸಮುದ್ರದ ಬೋಟಿನಲ್ಲಿ. ಬಂದರೆ ಮೂರು ದಿನ ನಿದ್ದೆ, ಮತ್ತೆ ನೀರು.

ಮಗಳು ಅಕ್ಷಿತಾ ಉಡುಪಿಯ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ. ಅವಳಿಗೆ ಸಂಬಂಧ ನೋಡುತ್ತಿದ್ದಾರೆ. "ಯಾರಿಗೂ ಹೇಳಬೇಡಿ ಅಮ್ಮ," ಎಂದಳು ಅವಳು. "ದೊಡ್ಡಮ್ಮನಿಗೆ ಇತ್ತು, ಈಗ ಇವರಿಗೂ ಉಂಟು ಅಂತ ಮಾತಾಡ್ತಾರೆ. ಅಲ್ಲಿ ಕೆಲಸ ಎಂತ ಅಂತ ಕೇಳಿದರೆ ಮನೆಯಲ್ಲೇ ಇರ್ತೇನೆ ಅಂತ ಹೇಳಿ." ಹೇಳಿದ್ದು ಪ್ರೀತಿಯಿಂದಲೇ. ತನ್ನದೇ ಹಸಿರು ಚೂಡಿದಾರನ್ನು ಇಸ್ತ್ರಿ ಹಾಕಿ ಕೊಟ್ಟಳು. ಆದರೂ ಕುಶಲಾಗೆ ಎಲ್ಲೋ ಚುಚ್ಚಿತು.

ಮಂಗಳವಾರ ಸಂಜೆ ಅವಳು ಬಚ್ಚಲಲ್ಲಿ ಕೂತು ಮೈ ತಿಕ್ಕಿದಳು. ಮೊದಲು ಹುಣಸೆ ಹುಳಿ. ಮತ್ತೆ ಲಿಂಬೆ. ಮತ್ತೆ ಒಲೆಯ ಬೂದಿ. ಸಾಲದೆ ಕಡಲ ಬದಿಯ ಮರಳು. ಉಗುರಿನ ಸಂದಿಯನ್ನು ಹಂಚಿಕಡ್ಡಿಯಿಂದ ಕೆರೆದಳು. ತೋಳು ಕೆಂಪಾಯಿತು, ಬಿರುಕಿಗೆ ಲಿಂಬೆ ಹೋಗಿ ಕಣ್ಣಲ್ಲಿ ನೀರು ಬಂತು. ಕೈ ಮೂಸಿದಳು. ಮೀನು. ಮತ್ತೆ ತಿಕ್ಕಿ ಮತ್ತೆ ಮೂಸಿದಳು. ಮೀನೇ. ಎಷ್ಟೋ ವರ್ಷ ಮೂಳೆಯೊಳಗೆ ಇಳಿದದ್ದು ಒಂದು ಸಂಜೆಯಲ್ಲಿ ಹೊರಗೆ ಬಾ ಎಂದರೆ ಬರುತ್ತದೆಯೇ? ಮೂಲೆಯಲ್ಲಿ ಅಕ್ಕ ನೋಡುತ್ತಿದ್ದಳು. "ನೀನಾದರೂ ಆಚೆ ಹೋಗು ಮಾರಾಯ್ತಿ," ಎಂದಳು ಕುಶಲಾ. ಅಕ್ಕ ಹೋಗಲಿಲ್ಲ.

ಅಷ್ಟು ತಿಕ್ಕಿದ್ದೂ ಹೊಳೆಯಲ್ಲಿ ಹುಣಸೆ ತೊಳೆದ ಹಾಗಾಯಿತು. ಉಮಾನಾಥ ರಜೆ ಕೊಡಲಿಲ್ಲ. "ಬುಧವಾರ ಮಾರಾಯ್ತಿ, ಮೀನು ಜಾಸ್ತಿ ಹೋಗುವ ದಿನ. ರಜೆ ಕೇಳುವ ದಿನವಾ ಇದು? ಎಂತ ಅಷ್ಟು ಅರ್ಜೆಂಟ್?"

ನಿಜ ಹೇಳುವ ಹಾಗಿಲ್ಲ. "ಹುಡುಗನ ಮನೆಗೆ ಹೋಗಲಿಕ್ಕುಂಟು," ಎಂದಳು. "ಅಕ್ಷಿತಾನ ವಿಷಯಕ್ಕೆ."

"ಮಧ್ಯಾಹ್ನ ಹೋಗು. ಬೆಳಿಗ್ಗೆ ಕತ್ತರಿಸಿ ಹೋಗು."

ಕತ್ತರಿಸಿದಳು. ಆ ದಿನವೇ ಬೂತಾಯಿ ಮೀನು ರಾಶಿ ಬಂದಿತ್ತು. ಒಂದು ಗಂಟೆಯ ಹೊತ್ತಿಗೆ ಮೊಣಕೈವರೆಗೆ ಮೀನಿನ ಹುರುಪೆ ಅಂಟಿತ್ತು. ಮಾರ್ಕೆಟಿನ ಹಿಂದಿನ ನಳ್ಳಿಯಲ್ಲಿ ಸೋಪು ಹಾಕಿ ಕೈಕಾಲು, ಮುಖ, ಕುತ್ತಿಗೆ ತೊಳೆದು, ಗೋಣಿ ಮರೆ ಮಾಡಿ ಹಸಿರು ಚೂಡಿದಾರ್ ಹಾಕಿಕೊಂಡಳು. ಪೌಡರ್ ಇಲ್ಲದೆ ಹೋಗುವುದು ಎಂದು ಗಟ್ಟಿಮಾಡಿದ್ದಳು. ಬಸ್ಸಿನ ಹಿಂದಿನ ಬಾಗಿಲಲ್ಲಿ ನಿಂತರಾಯಿತು. ಉಡುಪಿ ಎಷ್ಟು ದೂರ.

ಟೈಲರ್ ಅಂಗಡಿಯ ಹಿಂದೆ ಜಲಜಾಕ್ಷಿ ಕಾಯುತ್ತಿದ್ದಳು, ಉಳಿದವರೂ ಇದ್ದರು. ಉಮಾನಾಥನಿಗೆ ಹೇಳಿದ್ದು ಅವರ ಕಿವಿಗೂ ಬಿದ್ದಿತ್ತು, ಊಟದ ಹೊತ್ತು ಬಿಟ್ಟು ಬಂದಿದ್ದರು. "ಓ ಬೀಗಿತ್ತಿ," ಎಂದು ಜಲಜಾಕ್ಷಿ ಗಲ್ಲ ಹಿಡಿದಳು. "ಹುಡುಗನ ಮನೆಗೆ ಹೀಗೆ ಹೋಗುದಾ? ಬಾಗಿಲಲ್ಲೇ ಮೂಗು ಮುಚ್ಚಿಕೊಳ್ತಾರೆ. ತಿರುಗು ಆಚೆ."

"ಬೇಡ ಜಲಜಾ."

"ಎಂತ ಬೇಡ? ನಿನಗಲ್ಲ, ಮಗಳಿಗೆ."

ಬೇಡ ಎನ್ನಲು ಕಾರಣ ಹೇಳಬೇಕು. ಕಾರಣ ಹೇಳಿದರೆ ಎಲ್ಲ ಹೇಳಬೇಕು. ಕುಶಲಾ ಗೋಡೆಗೆ ಮುಖ ಮಾಡಿ ನಿಂತಳು. ಗೆಳತಿಯರ ಕೈಗಳು ಅವಳ ಕುತ್ತಿಗೆಗೆ, ಬೆನ್ನಿಗೆ, ಕಂಕುಳಿಗೆ, ಎದೆಯ ಮೇಲೆ ಓಡಾಡಿದವು. ಒರಟು ಕೈಗಳು, ಅವಳ ಕೈಯಂಥವೇ. ಶುಭಕಾರ್ಯವೆಂದು ಆ ದಿನ ಎರಡು ಪಾಲು ಸುರಿದರು. ಇಷ್ಟು ಪ್ರೀತಿ ಮಾಡುವವರಿಗೆ ಸುಳ್ಳು ಹೇಳಿದೆನಲ್ಲ ಎಂದು ಅವಳಿಗೆ ಅಳು ಬಂತು. ಬಸ್ಸು ಬಂತು. ಕಂಡಕ್ಟರ್ ಎಂತದೂ ಹೇಳಲಿಲ್ಲ, ಸೀಟು ಸಿಕ್ಕಿತು.

ಸ್ಕ್ಯಾನಿಂಗ್ ಸೆಂಟರಿನಲ್ಲಿ ಎಸಿ ಇತ್ತು. ಕಿಟಕಿಗಳೆಲ್ಲ ಮುಚ್ಚಿದ್ದವು. ಬೆವರು, ಪೌಡರ್, ಮೀನು ಸೇರಿದರೆ ಮೂರೂ ಅಲ್ಲದ ಇನ್ನೊಂದು ನಾತ ಹುಟ್ಟುತ್ತದೆ. ಅದು ಮುಚ್ಚಿದ ಕೋಣೆಯಲ್ಲಿ ಮೆಲ್ಲ ಎದ್ದು ನಡೆದಾಡುತ್ತದೆ. ಪಕ್ಕದವಳು ಫೋನ್ ಬಂದವಳ ಹಾಗೆ ಎದ್ದು ದೂರದ ಕುರ್ಚಿಗೆ ಹೋದಳು. ಟೇಬಲ್ಲಿನ ಹಿಂದೆ ಕೂತಿದ್ದ ಹೆಂಗಸು ಹೆಸರು ಬರೆದುಕೊಳ್ಳುವಾಗ ಕೇಳಿದಳು, "ಕೆಲಸ?"

ಕುಶಲಾ ಬಾಯಿ ತೆರೆದಳು. ಮನೆಯಲ್ಲೇ ಎನ್ನಬೇಕು. "ಮೀನು ಕತ್ತರಿಸ್ತೇನೆ," ಎಂದಳು.

"ಗೊತ್ತಾಗ್ತದೆ," ಎಂದಳು ಆ ಹೆಂಗಸು, ತಲೆಯೆತ್ತದೆ. ಸ್ವಲ್ಪ ಹೊತ್ತಿಗೆ ಎದ್ದು ಬಂದು, ಕುಶಲಾ ಕೂತ ಕುರ್ಚಿಯ ಸುತ್ತ ಸುಗಂಧದ ಸ್ಪ್ರೇ ಹೊಡೆದಳು. ಜಿರಳೆಗೆ ಹೊಡೆದ ಹಾಗೆ.

ಒಳಗೆ ಕರೆದರು. ಮಿಷನಿನ ಹುಡುಗಿಯ ಹೆಸರು ಚೈತಾಲಿ ಎಂದು ಬ್ಯಾಡ್ಜಿನಲ್ಲಿತ್ತು. ಚಿಕ್ಕವಳು, ಅಕ್ಷಿತಾಳ ಪ್ರಾಯ. ಮೇಲಿನದ್ದು ತೆಗೆಯಿರಿ ಎಂದಳು. ಕುಶಲಾ ತೆಗೆದಳು. ಅಪರಿಚಿತ ಬೆಳಕಿನಲ್ಲಿ ಎದೆ ಕಂಡಿತು. ಅದನ್ನು ತಾನೇ ನೋಡಿ ಎಷ್ಟು ಕಾಲವಾಗಿತ್ತು. ಬಿಳಿ ಬಿಳಿ. ಬೆವರಿನಲ್ಲಿ ಗೆರೆ ಗೆರೆಯಾಗಿ ಕಲಸಿಹೋದ ಬಿಳಿ.

"ಪೌಡರ್ ಹಾಕಬಾರದು ಅಂತ ಹೇಳಿರಲಿಲ್ವಾ?"

"ಹೇಳಿದ್ದರು."

"ಮತ್ತೆ ಯಾಕೆ ಹಾಕಿದ್ದು?"

ಅಷ್ಟರಲ್ಲಿ ಬಾಗಿಲು ಅರ್ಧ ತೆರೆಯಿತು. ಟೇಬಲ್ಲಿನ ಹೆಂಗಸು ಸೆರಗನ್ನು ಮೂಗಿಗೆ ಒತ್ತಿಕೊಂಡು ನಿಂತಿದ್ದಳು. ಕುಶಲಾ ಎರಡೂ ಕೈಯಿಂದ ಎದೆ ಮುಚ್ಚಿಕೊಂಡಳು.

"ಚೈತಾಲಿ, ಇವರನ್ನು ಬಿಡು. ಬೇರೆ ಡೇಟ್ ಕೊಡುವ. ರೂಮೆಲ್ಲ ವಾಸನೆ ಹಿಡಿದರೆ ಮತ್ತೆ ಬರುವವರು ನನಗೆ ಹೇಳ್ತಾರೆ." ಆಮೇಲೆ ಕುಶಲಾ ಕಡೆಗೆ, ದನಿ ನಯ ಮಾಡಿಕೊಂಡು, "ಅಮ್ಮ, ಬೇಸರ ಮಾಡಬೇಡಿ. ಮನೆಗೆ ಹೋಗಿ ಚೆನ್ನಾಗಿ ಸ್ನಾನ ಮಾಡಿ ಬನ್ನಿ."

ಕುಶಲಾಳ ಕೈ ಬಟ್ಟೆ ಹುಡುಕಿತು. ಕಾಲು ಬಾಗಿಲ ಕಡೆ ತಿರುಗಿತು. ಇಷ್ಟು ವರ್ಷದಲ್ಲಿ ಅವಳು ಕಲಿತದ್ದು ಅದನ್ನೇ. ಹೇಳಿದರೆ ಇಳಿಯುವುದು, ಹೇಳಿದರೆ ಸರಿಯುವುದು. ಈಗ ಹೋದರೆ ತಾನು ಮತ್ತೆ ಬರುವುದಿಲ್ಲ ಎಂದು ಅವಳಿಗೆ ತಿಳಿದಿತ್ತು. ಬೇರೆ ಡೇಟ್ ಎಂದರೆ ಬೂದಿ, ಮರಳು, ಸುಳ್ಳು, ಎಲ್ಲ ಮೊದಲಿನಿಂದ. ಬರುವುದಿಲ್ಲ. ಆಮೇಲೆ ಒಂದು ದಿನ ತನ್ನನ್ನೂ ಹೊತ್ತುಕೊಂಡು ಬರುತ್ತಾರೆ. ಮಿಷನಿನ ಆಚೆ, ಗೋಡೆಯ ಮೂಲೆಯಲ್ಲಿ, ಸೆರಗು ಹೊದ್ದು ಅಕ್ಕ ನಿಂತಿದ್ದಳು.

ಕುಶಲಾ ಅಲ್ಲಿದ್ದ ಸ್ಟೂಲಿನ ಮೇಲೆ ಕೂತಳು. ಎದೆಯ ಮೇಲಿನ ಕೈ ತೆಗೆದಳು.

"ಹೋಗುವುದಿಲ್ಲ."

"ಎಂತ?"

"ನಾನು ಹೋಗುವುದಿಲ್ಲ. ಪೌಡರ್ ಹಾಕಿದರೆ ನಿಮ್ಮ ಮಿಷನಿಗೆ ಆಗುವುದಿಲ್ಲ. ಹಾಕದಿದ್ದರೆ ಬಸ್ಸಿನವನು ಹತ್ತಿಸುವುದಿಲ್ಲ. ನಾನು ಇಲ್ಲಿಗೆ ಬರಬೇಕಾದದ್ದು ಹೇಗೆ, ನೀವೇ ಹೇಳಿ."

"ಜೋರು ಮಾಡಬೇಡಿ ಅಮ್ಮ. ನಾವು ಧರ್ಮಕ್ಕೆ ಮಾಡ್ತಾ ಇರುವುದು."

"ಧರ್ಮಕ್ಕಾ?" ಕುಶಲಾಳ ದನಿ ಏರಲಿಲ್ಲ. "ನಿಮ್ಮ ಮನೆಯಲ್ಲಿ ಬಂಗುಡೆ ತಿನ್ನುದಿಲ್ವಾ? ಅದರ ಕರುಳು ತೆಗೆದದ್ದು ಯಾರು? ನಿಮ್ಮ ಕೈಗೆ ಹತ್ತಬಾರದು ಅಂತ ನನ್ನ ಕೈಗೆ ಹತ್ತಿದ್ದು ಇದು. ಇದು ನನ್ನ ನಾತ ಅಲ್ಲ. ನಿಮ್ಮದು. ನಾನು ಹೊತ್ತುಕೊಂಡದ್ದು."

ಕೋಣೆಯ ಬದಿಯಲ್ಲಿ ಕೈ ತೊಳೆಯುವ ಒಂದು ಬೇಸಿನ್ ಇತ್ತು. ಕುಶಲಾ ಎದ್ದು ನಳ್ಳಿ ತಿರುಗಿಸಿದಳು. ಬಾಗಿಲು ಅರ್ಧ ತೆರೆದೇ ಇತ್ತು. ಇರಲಿ. ಬೊಗಸೆಯಲ್ಲಿ ನೀರು ಹಿಡಿದು ಕುತ್ತಿಗೆಗೆ ಹಾಕಿಕೊಂಡಳು. ಕಂಕುಳು ತೊಳೆದಳು. ಬಲ ಎದೆ ತೊಳೆದಳು. ಎಡ ಎದೆಗೆ ಬಂದಾಗ ಕೈ ಅಭ್ಯಾಸದಂತೆ ಸುತ್ತು ಹಾಕಲು ಹೊರಟಿತು. ಹಿಡಿದು ತಂದಳು. ತಿಕ್ಕಿದಳು. ಅಲ್ಲಿ ಎಂತ ಇದೆ ಎಂದು ಹುಡುಕಲಿಲ್ಲ. ಅದನ್ನು ನೋಡಲು ಮಿಷನ್ ಇದೆ. ನೆಲವೆಲ್ಲ ಬಿಳಿ ನೀರಾಯಿತು. ಹಸಿರು ಪ್ಯಾಂಟು ನೆನೆಯಿತು. ತೊಳೆದ ಹಾಗೆ ಪೌಡರ್ ಹೋಯಿತು, ಮೀನು ಮೇಲೆ ಬಂತು. ಬೂತಾಯಿಯ, ಐಸಿನ, ಗೋಣಿಯ, ಕಟಪಾಡಿ ಮಾರ್ಕೆಟಿನ ನಾತ, ಮುಚ್ಚುಮರೆಯಿಲ್ಲದೆ.

ಚೈತಾಲಿಯ ಎದುರು ಬಂದು ನಿಂತಳು. "ಈಗ ಪೌಡರ್ ಇಲ್ಲ. ನಾತ ಉಂಟು. ನಾತ ಫೋಟೋದಲ್ಲಿ ಬರ್ತದಾ?"

ಚೈತಾಲಿ ಬಾಗಿಲ ಕಡೆ ನೋಡಿದಳು. ಮತ್ತೆ ಕುಶಲಾಳ ಮುಖ ನೋಡಿದಳು. "ಇಲ್ಲ," ಎಂದಳು ಮೆಲ್ಲ. "ಬರುವುದಿಲ್ಲ."

"ಹಾಗಾದರೆ ತೆಗೆಯಿರಿ."

ಹುಡುಗಿ ಟವೆಲಿನಂಥ ಕಾಗದ ಕೊಟ್ಟಳು. ಒರೆಸಿಕೊಂಡು ಕುಶಲಾ ಮಿಷನಿಗೆ ಮೈ ತಾಗಿಸಿ ನಿಂತಳು. ಗಾಜಿನಂಥ ತಟ್ಟೆ ತಣ್ಣಗಿತ್ತು, ಐಸಿನಲ್ಲಿ ಕೈಯಿಟ್ಟ ಹಾಗೆ. ಮೇಲಿನ ತಟ್ಟೆ ಇಳಿಯಿತು. ನೋವಾಯಿತು. ಹಲಗೆಯ ಮೇಲಿನ ಮೀನಿಗೆ ಎಂತ ಆಗುತ್ತದೆ ಎಂದು ಅವಳಿಗೆ ಆಗ ಸ್ವಲ್ಪ ಗೊತ್ತಾಯಿತು. ಬಲ ಆಯಿತು. ಎಡ ಆಯಿತು. ಓರೆ ಮಾಡಿ ಮತ್ತೊಮ್ಮೆ ಬಲ, ಮತ್ತೊಮ್ಮೆ ಎಡ. ಹಲ್ಲು ಕಚ್ಚಿ ನಿಂತಳು. ಟೇಬಲ್ಲಿನ ಹೆಂಗಸು ಬಾಗಿಲು ಬಿಟ್ಟು ಹೋಗಿರಲಿಲ್ಲ.

"ಆಯಿತು," ಎಂದಳು ಚೈತಾಲಿ. "ಬಟ್ಟೆ ಹಾಕಿಕೊಳ್ಳಿ. ರಿಪೋರ್ಟ್ ಮುಂದಿನ ವಾರ ಸಿಗ್ತದೆ."

ಕುಶಲಾ ಬಟ್ಟೆ ಹಾಕಿಕೊಂಡಳು. ಕರಿಮಣಿ ಹಾಕಿಕೊಂಡಳು. ಬಾಗಿಲ ಕಡೆ ಹೋಗಲಿಲ್ಲ.

"ಇನ್ನೊಬ್ಬಳು ಇದ್ದಾಳೆ," ಎಂದಳು. "ಅವಳದ್ದೂ ತೆಗೆಯಿರಿ."

"ಯಾರು? ಅಪಾಯಿಂಟ್‌ಮೆಂಟ್ ಉಂಟಾ?"

"ಉಂಟು. ನನಗಿಂತ ಮೊದಲಿನದು. ರತ್ನಾವತಿ ಅಂತ. ಕಾರ್ಕಳದಲ್ಲಿ ಸರತಿಯಲ್ಲಿ ನಿಂತಿದ್ದಳು. ಸ್ನಾನ ಮಾಡಿ ಬಾ ಅಂತ ನಿಮ್ಮಂಥವರು ಕಳಿಸಿದ್ದರು."

ಬಾಗಿಲಲ್ಲಿದ್ದ ಹೆಂಗಸು ಹೊರಗೆ ತಿರುಗಿ ನೋಡಿದಳು. ಹೊರಗೆ ಖಾಲಿ ಕುರ್ಚಿಗಳಿದ್ದವು. "ಎಲ್ಲಿದ್ದಾರೆ ಅವರು?"

"ಅಲ್ಲಿ ಅಲ್ಲ. ಇಲ್ಲಿ," ಎಂದು ಕುಶಲಾ ಮಿಷನಿನ ಆಚೆಯ ಮೂಲೆಗೆ ಕೈ ತೋರಿಸಿದಳು. "ಸ್ನಾನ ಆಗಿದೆ. ಸತ್ತ ದಿನ ನಾನೇ ಮಾಡಿಸಿದ್ದೇನೆ, ಬಿಸಿನೀರು ಹಾಕಿ, ಅರಸಿನ ಹಚ್ಚಿ, ಚೆನ್ನಾಗಿ. ತೆಗೆಯಿರಿ."